ಕಡಲಿನ ಡಂಗುರ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಈ ಸ್ನೇಹಸಮ್ಮೇಳನದಲ್ಲಿ ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಸ್ಥೆಯವರು ಅಪ್ಪಣೆ ಮಾಡಿದರು. ವಿಷಯವನ್ನು ನಮ್ಮ ಇಚ್ಛೆಗೇ ಬಿಟ್ಟರು. ಸಮುದ್ರದಲ್ಲಿ ಸಂಚರಿಸುವ ಹಡಗುಗಳಿಗೆ ಬಿರುಗಾಳಿಯ ಮುನ್ಸೂಚನೆಯನ್ನು ಕೊಡುವ ಪದ್ಧತಿಯನ್ನು ನಾವು ಆರಿಸಿಕೊಂಡಿದ್ದೇವೆ. ಇದನ್ನು ಕೇಳಿ ನಿಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಉಮರ್ಗಾ, ನಿಲಂಗಾ, ಉದಗೀರಗಳ ಈ ಎರೆಭೂಮಿಯ ಸೀಮೆಗೂ ಸಮುದ್ರಕ್ಕೂ ಏನು ಸಂಬಂಧ? ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಬಹುಮಂದಿ ಹಡಗನ್ನು ಚಿತ್ರದಲ್ಲಿ ಮಾತ್ರ ಕಂಡವರು.

ಆದರೂ ಸಂಬಂಧವುಂಟು. ನಮ್ಮ ತೇರಣಾ ನದಿಯು ಮಾಂಜ್ರಾವನ್ನು ಸೇರುತ್ತದೆ; ಮಾಂಜ್ರಾ ಬೀದರ ಸೀಮೆಯನ್ನು ಹಾಯ್ದು, ತೆಲಂಗಾಣವನ್ನು ಹೊಕ್ಕು, ಗೋದಾವರಿಯನ್ನು ಕೂಡುತ್ತದೆ; ಗೋದಾವರಿಯು ಬಂಗಾಲ ಉಪಸಾಗರಕ್ಕೆ ಇಳಿಯುತ್ತದೆ. ನಮ್ಮ ಹೊಲದ ನೀರು ಹೀಗೆ ಹೋಗಿ ಸೇರುವ ಆ ಕಡಲಿನಿಂದಲೇ ಕೆಲವು ವರ್ಷ ಚಂಡಮಾರುತಗಳು ಎದ್ದು, ದಂಡೆಯನ್ನು ದಾಟಿ, ಬಲ ಕುಂದಿದ ಮೇಲೂ ನಮ್ಮವರೆಗೆ ಮಳೆಯನ್ನು ತರುತ್ತವೆ. ಇದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಬರಲಿರುವ ಆಪತ್ತನ್ನು ಮೊದಲೇ ತಿಳಿದು, ಅದನ್ನು ಇತರರಿಗೆ ಸಾರಿ, ಪ್ರಾಣವನ್ನು ಉಳಿಸುವ ವಿದ್ಯೆಯನ್ನು ಮನುಷ್ಯನು ಬಹುಮಟ್ಟಿಗೆ ಕಲಿತದ್ದು ಬಂದರುಗಳಲ್ಲಿ. ಆ ವಿದ್ಯೆಯ ಅವಶ್ಯಕತೆ ಒಳನಾಡಿನವರಾದ ನಮಗೂ ಇದೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಊರಿಗೆ ಸಂಬಂಧಿಸಿದ ಸಂಗತಿಯನ್ನು ಡಂಗುರ ಹೊಡೆದು ಸಾರುತ್ತಿದ್ದರು. ಇದನ್ನೇ ಮರಾಠಿಯ ನೆರೆಯವರು ದವಂಡಿ ಎನ್ನುತ್ತಾರೆ. ಡಂಗುರ ಸಫಲವಾಗಬೇಕಾದರೆ ಮೂವರು ಬೇಕು: ಸಂಗತಿಯನ್ನು ಕಂಡು ತಿಳಿದವನು ಒಬ್ಬ, ಅದನ್ನು ಸಾರುವವನು ಒಬ್ಬ, ಕೇಳಿ ಅದರಂತೆ ನಡೆಯುವವನು ಒಬ್ಬ. ಈ ಮೂವರಲ್ಲಿ ಒಬ್ಬನು ತಪ್ಪಿದರೂ ಉಳಿದಿಬ್ಬರ ಶ್ರಮ ವ್ಯರ್ಥ. ಕಡಲಿನ ಡಂಗುರದ ಇತಿಹಾಸವೆಲ್ಲ ಈ ಮೂವರ ಇತಿಹಾಸವೇ ಆಗಿದೆ.

ಮೊದಲು ಕಂಡವರ ಮಾತು. ಕಲಕತ್ತೆಯಲ್ಲಿ ಹೆನ್ರಿ ಪಿಡಿಂಗ್ಟನ್ ಎಂಬವರಿದ್ದರು. ಹಡಗುಗಳ ಅಪಘಾತಗಳನ್ನು ವಿಚಾರಿಸುವ ನ್ಯಾಯಮಂಡಲದ ಅಧ್ಯಕ್ಷರಾಗಿದ್ದ ಅವರು, ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ಹಡಗುಗಳ ದಿನಚರಿಗಳನ್ನು ವರ್ಷಗಟ್ಟಲೆ ಕೂಡಿಸಿ ಓದಿದರು. ದೊಡ್ಡ ಬಿರುಗಾಳಿಯು ಒಂದೇ ದಿಕ್ಕಿಗೆ ನೇರವಾಗಿ ಬೀಸುವುದಿಲ್ಲ, ಒಂದು ನಡುವಿನ ಸುತ್ತ ತಿರುಗುತ್ತದೆ ಎಂಬುದು ಅವರಿಗೆ ನಿಶ್ಚಯವಾಯಿತು. ಕಣದಲ್ಲಿ ಹಂತಿಯ ಎತ್ತುಗಳು ಮೇಟಿಯ ಸುತ್ತ ತಿರುಗುವುದನ್ನು ನೀವು ಕಂಡಿದ್ದರೆ ಇದು ಸುಲಭವಾಗಿ ತಿಳಿಯುತ್ತದೆ. ಸುರುಳಿಸುತ್ತಿದ ಹಾವನ್ನು ಸೂಚಿಸುವ ಗ್ರೀಕ್ ಮಾತಿನಿಂದ ಅವರು ೧೮೪೮ರಲ್ಲಿ ಈ ಗಾಳಿಗೆ ‘ಸೈಕ್ಲೋನ್’ ಎಂಬ ಹೆಸರನ್ನು ಕೊಟ್ಟರು. ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಆ ಶಬ್ದವು ಹುಟ್ಟಿದ್ದು ನಮ್ಮ ದೇಶದಲ್ಲಿ.

ಪಿಡಿಂಗ್ಟನ್ನರು ೧೮೫೮ರಲ್ಲಿ ತೀರಿಕೊಂಡರು. ಆರು ವರ್ಷಗಳ ತರುವಾಯ, ೧೮೬೪ರ ಅಕ್ಟೋಬರ್ ೫ರಂದು, ಕಲಕತ್ತೆಯ ಮೇಲೆ ಘೋರವಾದ ಚಂಡಮಾರುತವು ಎರಗಿತು. ಸಮುದ್ರದ ನೀರು ಗೋಡೆಯಂತೆ ಎದ್ದು ಹೂಗ್ಲಿ ನದಿಯ ಬಾಯಿಯಿಂದ ಒಳನುಗ್ಗಿತು. ಸುಮಾರು ೫೦ ಸಾವಿರ ಜನರು ನೀರಿನ ಪಾಲಾದರು. ಆಗ ಬಂದರಿನಲ್ಲಿದ್ದ ಹಡಗುಗಳು ೧೯೫. ಅವುಗಳಲ್ಲಿ ೩೬ ಪೂರ್ಣವಾಗಿ ನಾಶವಾದವು. ೯೭ಕ್ಕೆ ಭಾರೀ ಪೆಟ್ಟು ತಗುಲಿತು. ೩೯ಕ್ಕೆ ಅಲ್ಪಸ್ವಲ್ಪ ಹಾನಿಯಾಯಿತು. ಏನೂ ಆಗದೆ ಉಳಿದವು ೨೩ ಮಾತ್ರ. ತಿಂಗಳು ಕಳೆಯುವುದರೊಳಗಾಗಿ, ನವಂಬರದ ಆರಂಭದಲ್ಲಿ, ಮಚಲೀಪಟ್ಟಣದ ಮೇಲೆ ಮತ್ತೊಂದು ಚಂಡಮಾರುತವು ಬಂದು ಸುಮಾರು ೩೦ ಸಾವಿರ ಜನರನ್ನು ಬಲಿ ತೆಗೆದುಕೊಂಡಿತು.

ಇಲ್ಲಿ ವಿಚಾರ ಮಾಡತಕ್ಕ ಸಂಗತಿಯೊಂದಿದೆ. ಬಿರುಗಾಳಿಯ ಸ್ವಭಾವವನ್ನು ತಿಳಿಸುವ ಗ್ರಂಥ ಆಗಲೇ ಇತ್ತು. ವಾಯುಭಾರಮಾಪಕವಿತ್ತು; ಅದರ ಪಾದರಸವು ಇಳಿಯತೊಡಗಿದರೆ ಗಾಳಿ ಕೆಡುತ್ತದೆಂದು ನಾವಿಕರಿಗೆ ಗೊತ್ತಿತ್ತು. ತಂತಿಯೂ ಇತ್ತು; ನಮ್ಮ ದೇಶದ ಮೊದಲ ತಂತಿಯ ಸಾಲನ್ನು ಎಳೆದದ್ದೇ ಕಲಕತ್ತೆಯಿಂದ ಹೂಗ್ಲಿಯ ಕೆಳಗಿನ ಡೈಮಂಡ್ ಹಾರ್ಬರಿಗೆ. ಬೇಕಾದ ಸಾಮಗ್ರಿಗಳೆಲ್ಲ ಬೇರೆಬೇರೆಯಾಗಿ ಬಿದ್ದಿದ್ದವು. ಅವುಗಳನ್ನು ಒಂದುಗೂಡಿಸಿ ಸಾರುವ ವ್ಯವಸ್ಥೆ ಇರಲಿಲ್ಲ. ಜ್ಞಾನವಿದ್ದೂ ಡಂಗುರವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಆ ಎರಡು ತಿಂಗಳುಗಳು ತೋರಿಸಿಕೊಟ್ಟವು.

ಇಂಗ್ಲೆಂಡಿನಲ್ಲಿ ಇದೇ ಪಾಠವು ಐದು ವರ್ಷ ಮೊದಲು ದೊರೆತಿತ್ತು. ೧೮೫೯ರ ಅಕ್ಟೋಬರದಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ದಡದ ಸಮೀಪದಲ್ಲಿಯೇ ಬಿರುಗಾಳಿಗೆ ಸಿಕ್ಕಿ ಒಡೆದು ೪೫೦ಕ್ಕಿಂತ ಹೆಚ್ಚು ಜನರು ಸತ್ತರು. ಅಲ್ಲಿಯ ಹವಾಮಾನ ಕಚೇರಿಯ ಮುಖ್ಯಸ್ಥರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪಂಡಿತರು ಲೋಕಸಂಚಾರ ಮಾಡಿದ ‘ಬೀಗಲ್’ ಹಡಗಿನ ಕಪ್ತಾನರು ಇವರೇ. ಕರಾವಳಿಯ ಊರುಗಳಿಂದ ತಂತಿಯ ಮೂಲಕ ಗಾಳಿಯ ಮತ್ತು ವಾಯುಭಾರದ ವಿವರಗಳನ್ನು ತರಿಸಿಕೊಂಡು, ಬಿರುಗಾಳಿ ಬರುವಂತಿದ್ದರೆ ಬಂದರುಗಳಿಗೆ ತಿರುಗಿ ತಂತಿ ಕಳುಹಿಸುವ ಪದ್ಧತಿಯನ್ನು ಅವರು ೧೮೬೧ರಲ್ಲಿ ಪ್ರಾರಂಭಿಸಿದರು.

ಬಂದರಿನವರು ಅದನ್ನು ಹಡಗುಗಳಿಗೆ ತಿಳಿಸುವುದು ಹೇಗೆ? ಕೂಗಿದರೆ ಕೇಳದು. ಬಾವುಟ ಕಟ್ಟಿದರೆ ಗಾಳಿಯಿಲ್ಲದಾಗ ಜೋತುಬೀಳುತ್ತದೆ. ದೂರದಿಂದ ಅದರ ಬಣ್ಣ ತಿಳಿಯದು. ಆದ್ದರಿಂದ ಎತ್ತರವಾದ ಕಂಬದ ಮೇಲೆ ಕರಿಯ ಬಣ್ಣದ ಆಕೃತಿಗಳನ್ನು ಏರಿಸುವ ಉಪಾಯವನ್ನು ಮಾಡಿದರು. ಒಂದು ಶಂಕು, ಇನ್ನೊಂದು ನಗಾರಿಯಂತಹ ದುಂಡನೆಯ ಸ್ತಂಭಾಕೃತಿ. ಇವು ಯಾವ ಕಡೆಯಿಂದ ನೋಡಿದರೂ ಒಂದೇ ತೆರನಾಗಿ ಕಾಣುತ್ತವೆ. ಶಂಕುವಿನ ತುದಿ ಮೇಲಕ್ಕಿದ್ದರೆ ಬಡಗಣದ ಬಿರುಗಾಳಿ, ಕೆಳಕ್ಕಿದ್ದರೆ ತೆಂಕಣದ ಬಿರುಗಾಳಿ. ಶಂಕುವಿನ ಜೊತೆಗೆ ಸ್ತಂಭಾಕೃತಿಯೂ ಇದ್ದರೆ ಗಾಳಿ ಬಹಳ ಉಗ್ರವಾದೀತು. ಆ ಸ್ತಂಭಾಕೃತಿಗೆ ನಾವಿಕರು ನಗಾರಿ ಎಂಬರ್ಥದ ಹೆಸರನ್ನೇ ಇಟ್ಟಿದ್ದರು. ಸದ್ದು ಮಾಡದೆ, ಕಣ್ಣಿಗೆ ಮಾತ್ರ ಕೇಳಿಸುವ ಡಂಗುರವದು!

ಫಿಟ್ಜ್‌ರಾಯರು ೧೮೬೫ರಲ್ಲಿ ತೀರಿಕೊಂಡರು. ಅವರ ಪದ್ಧತಿಗೆ ಶಾಸ್ತ್ರದ ಆಧಾರ ಸಾಲದೆಂದು ಪಂಡಿತರ ಸಮಿತಿಯೊಂದು ನಿರ್ಣಯಿಸಿ, ೧೮೬೬ರ ಕೊನೆಯಲ್ಲಿ ಸೂಚನೆಗಳನ್ನು ನಿಲ್ಲಿಸಿಬಿಟ್ಟಿತು. ಆಗ ನಾವಿಕರೂ ಬಂದರಿನ ಜನರೂ ಸುಮ್ಮನಿರಲಿಲ್ಲ. ನೂರಕ್ಕೆ ನೂರು ನಿಜವಾಗದಿದ್ದರೂ ಆ ಸೂಚನೆಗಳು ತಮ್ಮ ಪ್ರಾಣವನ್ನು ಕಾಯುತ್ತಿದ್ದವೆಂದು ವಾದಿಸಿದರು. ಮರುವರ್ಷವೇ ಸೂಚನೆಗಳು ಪುನಃ ಕಂಬವನ್ನೇರಿದವು. ಮುನ್ಸೂಚನೆಯು ಒಮ್ಮೊಮ್ಮೆ ತಪ್ಪುತ್ತದೆಯೆಂದು ಅದನ್ನು ಗೇಲಿ ಮಾಡುವವರು ಇಂದಿಗೂ ಇದ್ದಾರೆ. ಕಡಲಿಗೆ ಇಳಿಯುವವನು ಹಾಗೆ ಗೇಲಿ ಮಾಡಲಿಲ್ಲವೆಂಬುದನ್ನು ಅವರು ನೆನೆಯಬೇಕು.

ಇನ್ನು ನಮ್ಮ ದೇಶಕ್ಕೆ ಬರೋಣ. ಕಲಕತ್ತೆಯ ದುರಂತದ ಮರುವರ್ಷ, ೧೮೬೫ರಲ್ಲಿ, ಆ ಬಂದರಿಗೆ ಬಿರುಗಾಳಿಯ ಸೂಚನೆಯನ್ನು ಕೊಡುವ ವ್ಯವಸ್ಥೆ ಮೊದಲಾಯಿತು. ೧೮೬೭ರ ನವಂಬರದಲ್ಲಿ ಕಲಕತ್ತೆಯ ಕಡೆಗೆ ಇನ್ನೊಂದು ಚಂಡಮಾರುತ ಬಂದಾಗ, ಸಂತ ಝೇವಿಯರರ ಕಾಲೇಜಿನ ಅಧ್ಯಾಪಕ ಫಾದರ್ ಲಾಫೋಂ ಎಂಬವರು ಕಾಲೇಜಿನ ಮಾಳಿಗೆಯ ಮೇಲೆ ತಾವೇ ಅಣಿಗೊಳಿಸಿದ್ದ ಉಪಕರಣಗಳಿಂದ ಅದರ ಬರವನ್ನು ಮೊದಲೇ ಗುರುತಿಸಿ ಅಧಿಕಾರಿಗಳಿಗೆ ತಿಳಿಸಿದರೆಂದೂ, ಅದರಿಂದ ಅನೇಕರ ಜೀವ ಉಳಿಯಿತೆಂದೂ ಹೇಳುತ್ತಾರೆ. ವಿದ್ಯಾರ್ಥಿಗಳೇ, ಇದನ್ನು ಗಮನಿಸಿರಿ: ಅದು ಒಂದು ವಿದ್ಯಾಲಯದ ಮಾಳಿಗೆ.

೧೮೭೫ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು. ೧೮೮೦ರಲ್ಲಿ ಮುಂಬಯಿ ಬಂದರಿಗೂ, ೧೮೮೬ರ ಹೊತ್ತಿಗೆ ಪೂರ್ವ ಪಶ್ಚಿಮ ಎರಡೂ ಕರಾವಳಿಗಳ ಬಂದರುಗಳಿಗೂ ಸೂಚನೆ ಹೋಗತೊಡಗಿತು. ಆದರೆ ಒಂದೊಂದು ಬಂದರಿನಲ್ಲಿ ಒಂದೊಂದು ಬಗೆಯ ಸಂಕೇತವಿದ್ದರೆ ಊರೂರು ತಿರುಗುವ ನಾವಿಕನ ಗತಿಯೇನು? ಈ ತೊಡಕನ್ನು ಬಿಡಿಸಲು ೧೮೯೮ರಲ್ಲಿ ದೇಶದ ಬಂದರುಗಳಿಗೆಲ್ಲ ಒಂದೇ ಬಗೆಯ ಸಂಕೇತಗಳನ್ನು ಗೊತ್ತುಮಾಡಿದರು. ಆ ಪದ್ಧತಿಯು ಬಹುಮಟ್ಟಿಗೆ ಇಂದಿಗೂ ನಡೆದುಬಂದಿದೆ. ಮಳೆಗಾಲದಲ್ಲಿ ಬಂದರುಗಳಲ್ಲಿ ಮೂರನೆಯ ನಂಬರಿನ ಸಂಕೇತವನ್ನು ಏರಿಸಿದ್ದಾರೆಂಬ ಸುದ್ದಿಯನ್ನು ನೀವು ವರ್ತಮಾನಪತ್ರಗಳಲ್ಲಿ ಓದಿರಬಹುದು. ಅದರ ಅರ್ಥವನ್ನು ಈಗ ಹೇಳುತ್ತೇವೆ.

ಸಂಕೇತಗಳು ಒಟ್ಟು ಹನ್ನೊಂದು. ಹಗಲಿನಲ್ಲಿ ಶಂಕು ಮತ್ತು ಸ್ತಂಭಾಕೃತಿಗಳ ಜೋಡಣೆ. ರಾತ್ರಿಯಲ್ಲಿ ಕೆಂಪು ಮತ್ತು ಬಿಳಿಯ ದೀಪಗಳ ಜೋಡಣೆ. ಮೊದಲನೆಯ ಎರಡು ದೂರದ ಸಂಕೇತಗಳು. ಒಂದನೆಯದು: ದೂರದ ಕಡಲಿನಲ್ಲಿ ಹವೆ ಕೆಟ್ಟಿದೆ, ಬಿರುಗಾಳಿ ಹುಟ್ಟಬಹುದು. ಎರಡನೆಯದು: ಬಿರುಗಾಳಿ ಹುಟ್ಟಿದೆ. ಬಂದರಿಗೆ ಸದ್ಯಕ್ಕೆ ಭಯವಿಲ್ಲ. ಆದರೆ ಹೊರಡುವ ಹಡಗು ಇದನ್ನು ತಿಳಿದು ಹೊರಡಲಿ ಎಂಬುದು ಇವುಗಳ ಉದ್ದೇಶ. ಮೂರನೆಯದು: ಈ ಬಂದರಿನಲ್ಲಿಯೇ ಬಿರುಸಾದ ಗಾಳಿ ಬೀಸಬಹುದು. ನಾಲ್ಕನೆಯದು: ಬಿರುಗಾಳಿ ಈ ಬಂದರಿಗೆ ಬರಬಹುದು, ಆದರೆ ಕಟ್ಟಕಡೆಯ ಎಚ್ಚರಿಕೆಯ ಕ್ರಮಗಳನ್ನು ಕೈಕೊಳ್ಳುವಷ್ಟು ಅಪಾಯ ಇನ್ನೂ ಕಾಣುವುದಿಲ್ಲ.

ಐದು, ಆರು, ಏಳು ಇವು ಅಪಾಯದ ಸಂಕೇತಗಳು. ಎಂಟು, ಒಂಬತ್ತು, ಹತ್ತು ಇವು ಮಹಾಪಾಯದ ಸಂಕೇತಗಳು. ಈ ಎರಡು ಗುಂಪುಗಳಲ್ಲಿಯೂ ಮೂರು ಮೂರು ಏಕೆ? ಚಂಡಮಾರುತವು ಸಾಗುವ ದಾರಿಯ ಎಡಕ್ಕೆ ಬಂದರು ಇದ್ದರೆ ಒಂದು, ಬಲಕ್ಕೆ ಇದ್ದರೆ ಒಂದು, ಚಂಡಮಾರುತವು ಬಂದರಿನ ಮೇಲೆಯೇ ಅಥವಾ ತೀರ ಸಮೀಪದಲ್ಲಿ ಹಾಯುವಂತಿದ್ದರೆ ಒಂದು. ನಮ್ಮ ಉತ್ತರಾರ್ಧಗೋಲದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಆದ್ದರಿಂದ ದಾರಿಯ ಬಲಗಡೆಯಲ್ಲಿ ಸುತ್ತುವ ವೇಗಕ್ಕೆ ಮುಂದೆ ಸಾಗುವ ವೇಗವೂ ಕೂಡಿ ಗಾಳಿ ಹೆಚ್ಚು ಉಗ್ರವಾಗುತ್ತದೆ. ಎಡಗಡೆಯಲ್ಲಿ ಒಂದು ಇನ್ನೊಂದನ್ನು ಕಳೆಯುತ್ತದೆ. ಗಾಳಿ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ತಿರುಗುವುದೆಂಬುದೂ ಎಡ ಬಲಗಳಲ್ಲಿ ಬೇರೆ. ಲಂಗರನ್ನು ಎಲ್ಲಿ ಹಾಕಬೇಕು, ಹಡಗಿನ ಮೂತಿಯನ್ನು ಎತ್ತ ತಿರುಗಿಸಬೇಕು ಎಂಬುದನ್ನು ಕಪ್ತಾನನು ಇದರಿಂದ ನಿಶ್ಚಯಿಸುತ್ತಾನೆ.

ಮಕ್ಕಳು ನೆನಪಿಡಬಹುದಾದ ಒಂದು ಸೂತ್ರವನ್ನು ಇಲ್ಲಿ ಹೇಳಬೇಕು. ಹಾಲೆಂಡ್ ದೇಶದ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿಯು ೧೮೫೭ರಲ್ಲಿ ಪ್ರಕಟಿಸಿದ ಸೂತ್ರವದು. ಉತ್ತರಾರ್ಧಗೋಲದಲ್ಲಿ ಬೀಸುವ ಗಾಳಿಗೆ ಬೆನ್ನುಕೊಟ್ಟು ನಿಂತರೆ ವಾಯುಭಾರ ಕಡಿಮೆಯಾದ ಕೇಂದ್ರವು ನಿಮ್ಮ ಎಡಗಡೆಗೆ ಇರುತ್ತದೆ. ನಡುಗಡಲಿನಲ್ಲಿ ಕಂಬವೂ ಇಲ್ಲ, ದೀಪವೂ ಇಲ್ಲ. ಅಲ್ಲಿ ಬಿರುಗಾಳಿಯ ನಡು ಎಲ್ಲಿದೆಯೆಂದು ತಿಳಿಯಲು ನಾವಿಕನಿಗೆ ಈ ಸೂತ್ರವೇ ಆಧಾರವಾಗಿತ್ತು.

ಹನ್ನೊಂದನೆಯ ಸಂಕೇತದ ಮೇಲೆ ನಮಗೆ ವಿಶೇಷ ಗೌರವ. ಹವಾಮಾನ ಕಚೇರಿಯೊಡನೆ ಸುದ್ದಿಸಂಪರ್ಕವು ಕಡಿದುಹೋಗಿದೆ, ಹವೆ ಕೆಡುವ ಅಪಾಯವಿದೆಯೆಂದು ಸ್ಥಳದ ಅಧಿಕಾರಿ ಭಾವಿಸಿದ್ದಾನೆ ಎಂಬುದು ಅದರ ಅರ್ಥ. ಈ ಪದ್ಧತಿಯನ್ನು ರಚಿಸಿದವರ ದೂರದೃಷ್ಟಿ ಇಲ್ಲಿ ಕಾಣುತ್ತದೆ. ಬಿರುಗಾಳಿ ಬಂದಾಗ ಮೊಟ್ಟಮೊದಲು ಬೀಳುವುದು ತಂತಿಯ ಕಂಬ. ಸುದ್ದಿ ಬರಲಿಲ್ಲವಾದ್ದರಿಂದ ಎಲ್ಲವೂ ಕ್ಷೇಮವೆಂದು ತಿಳಿಯುವುದು ಮೂಢತನ. ಸುದ್ದಿ ಬಾರದಿರುವುದೂ ಒಂದು ಸುದ್ದಿಯೇ. ಅದನ್ನು ಕೂಡ ಕಂಬಕ್ಕೆ ಏರಿಸಿ ಸಾರಬೇಕೆಂದು ಅವರು ವಿಧಿಸಿದರು. ಸಣ್ಣ ಬಂದರುಗಳಲ್ಲಿ ಹನ್ನೊಂದರ ಬದಲು ಮೂರು, ನಾಲ್ಕು, ಏಳು, ಹತ್ತು, ಹನ್ನೊಂದು ಎಂಬ ಐದನ್ನಷ್ಟೇ ಇಟ್ಟುಕೊಂಡಾಗಲೂ ಈ ಕೊನೆಯದನ್ನು ಕೈಬಿಡಲಿಲ್ಲ.

ಕನ್ನಡ ನಾಡಿನ ಕರಾವಳಿಗೂ ಈ ಇತಿಹಾಸದಲ್ಲಿ ಪಾಲಿದೆ. ಕಲಕತ್ತೆಯು ಮುಳುಗಿದ ಆ ೧೮೬೪ನೆಯ ವರ್ಷದಲ್ಲಿಯೇ ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭವೊಂದು ಎದ್ದಿತು. ಉಡುಪಿಯ ದಕ್ಷಿಣಕ್ಕಿರುವ ಕಾಪುವಿನ ದೀಪಸ್ತಂಭವು ೧೯೦೧ರದು. ಮಂಗಳೂರಿನ ಹಳೆಯ ಬಂದರಿಗೆ ಅಳಿವೆಯೇ ಬಾಗಿಲು. ಮಳೆಗಾಲದ ತೆರೆಗಳಲ್ಲಿ ಅಳಿವೆಯನ್ನು ದಾಟುವುದು ಸಾವಿನೊಡನೆ ಆಟ. ಆದ್ದರಿಂದ ಆ ತಿಂಗಳುಗಳಲ್ಲಿ ಅಲ್ಲಿಯ ಸಂಚಾರ ನಿಲ್ಲುತ್ತಿತ್ತು. ಪಣಂಬೂರಿನಲ್ಲಿ ಸರ್ವಋತುವಿನ ಹೊಸ ಬಂದರು ನಿರ್ಮಾಣವಾಗಿ ೧೯೭೪ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಮೇಲೆ ಆ ಕಷ್ಟ ನೀಗಿತು. ಇಲಾಖೆಗಳು ಹುಟ್ಟುವುದಕ್ಕೆ ಬಹಳ ಹಿಂದಿನಿಂದಲೂ ಮೊಗವೀರ, ಖಾರ್ವಿ, ಹರಿಕಂತ್ರ ಬಂಧುಗಳು ತಮ್ಮದೇ ಆದ ನಿಯಮವನ್ನು ಪಾಲಿಸುತ್ತಿದ್ದರು. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದು, ಶ್ರಾವಣದ ನೂಲುಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು ತೆಂಗಿನಕಾಯಿಗಳನ್ನು ಅರ್ಪಿಸಿ, ಆಮೇಲೆ ನೀರಿಗಿಳಿಯುವುದು ವಾಡಿಕೆ. ಕೊಂಕಣದವರು ಇದನ್ನೇ ನಾರಳೀ ಪೌರ್ಣಿಮೆ ಎನ್ನುತ್ತಾರೆ. ಪೂಜೆಯ ರೂಪದಲ್ಲಿದ್ದರೂ ಅದು ಪಂಚಾಂಗದೊಳಗೆ ಬರೆದಿಟ್ಟ ಬಿರುಗಾಳಿಯ ಸೂಚನೆಯೇ ಅಲ್ಲವೆ?

ಸೂಚನೆಯಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಾಯಿತೆಂದು ಮಾತ್ರ ತಿಳಿಯಬಾರದು. ೧೮೮೮ರ ನವಂಬರ ೮ರಂದು ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಎಂಬ ಹಡಗು ಸೌರಾಷ್ಟ್ರದ ಕಡಲಿನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಹೆಸರಿಲ್ಲದಂತೆ ಮಾಯವಾಯಿತು. ವಿದ್ಯುದ್ದೀಪಗಳಿದ್ದುದರಿಂದ ಜನರು ಅದನ್ನು ‘ವೀಜಳಿ’ ಎಂದು ಅಕ್ಕರೆಯಿಂದ ಕರೆಯುತ್ತಿದ್ದರು. ೭೦೦ಕ್ಕೂ ಹೆಚ್ಚು ಜನರು ಅದರೊಡನೆ ಮುಳುಗಿದರು. ಮದುವೆಯ ದಿಬ್ಬಣಗಳು ಅದರಲ್ಲಿದ್ದವು. ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳೂ ಇದ್ದರು. ಸಾಕಷ್ಟು ಜೀವರಕ್ಷಕ ದೋಣಿಗಳು ಹಡಗಿನಲ್ಲಿ ಇರಲಿಲ್ಲವೆಂದು ಮುಂದೆ ನಡೆದ ವಿಚಾರಣೆಯಲ್ಲಿ ಹೊರಬಿದ್ದಿತು. ೧೯೪೭ರ ಜುಲೈ ೧೭ರಂದು, ಸ್ವಾತಂತ್ರ್ಯಕ್ಕೆ ಒಂದು ತಿಂಗಳು ಇರುವಾಗ, ಮುಂಬಯಿಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಎಂಬ ಹಡಗು ಮಳೆಗಾಲದ ತೆರೆಗಳಲ್ಲಿ ಮಗುಚಿ ೬೦೦ಕ್ಕೂ ಹೆಚ್ಚು ಜನರು ಸತ್ತರು. ಅದರಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ಮುಳುಗಿದ ಸುದ್ದಿ ಮುಂಬಯಿಗೆ ಮುಟ್ಟುವುದರೊಳಗೆ ಗಂಟೆಗಳೇ ಕಳೆದಿದ್ದವು.

ಯಂತ್ರವಿದ್ದೂ ಕೆಡಬಹುದು. ೧೯೧೨ರ ಏಪ್ರಿಲದಲ್ಲಿ ‘ಟೈಟಾನಿಕ್’ ಹಡಗಿಗೆ ಮುಂದೆ ಹಿಮಬಂಡೆಗಳಿವೆಯೆಂದು ಇತರ ಹಡಗುಗಳಿಂದ ನಿಸ್ತಂತುವಿನ ಮೂಲಕ ಹಲವು ಸೂಚನೆಗಳು ಬಂದಿದ್ದವು. ಆದರೂ ಹಡಗು ವೇಗವನ್ನು ತಗ್ಗಿಸಲಿಲ್ಲ. ಸುಮಾರು ೧,೫೦೦ ಜನರು ಸತ್ತರು. ಸಾರಿದವನು ಸಾರಿದ್ದನು, ಕೇಳಿ ನಡೆಯಬೇಕಾದವನು ನಡೆಯಲಿಲ್ಲ. ಕಡಲಿನಲ್ಲಿ ಜೀವರಕ್ಷಣೆಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಒಪ್ಪಂದವು ೧೯೧೪ರಲ್ಲಿ ಆದದ್ದು ಈ ದುರಂತದ ಫಲವಾಗಿಯೇ.

ಬಿರುಗಾಳಿಯ ಸಂಕೇತಗಳಲ್ಲದೆ ನಾವಿಕರಿಗೆ ಇನ್ನೊಂದು ಬಗೆಯ ಸೂಚನೆಯುಂಟು. ಒಂದು ದೀಪ ಕೆಟ್ಟಿದೆ, ಒಂದೆಡೆ ಹಡಗು ಮುಳುಗಿ ದಾರಿಗೆ ಅಡ್ಡವಾಗಿದೆ, ಇನ್ನೊಂದೆಡೆ ಮರಳು ಸೇರಿ ಆಳ ಕಡಿಮೆಯಾಗಿದೆ. ಇಂತಹ ಸಂಗತಿಗಳನ್ನು ಕ್ರಮಾಂಕ ಕೊಟ್ಟು ‘ನಾವಿಕರಿಗೆ ಸೂಚನೆ’ ಎಂದು ಪ್ರಕಟಿಸುತ್ತಾರೆ. ಬ್ರಿಟಿಷ್ ನೌಕಾಡಳಿತವು ೧೮೩೪ರಿಂದ ಇದನ್ನು ನಡೆಸುತ್ತ ಬಂದಿದೆ. ಕಪ್ತಾನನು ತನ್ನ ಕಡಲ ನಕ್ಷೆಯನ್ನು ಅದಕ್ಕನುಸಾರವಾಗಿ ತಿದ್ದಿಕೊಂಡಿರಬೇಕು. ತಿದ್ದದ ನಕ್ಷೆಯನ್ನು ನಂಬಿ ಹಡಗು ನಡೆಸುವುದು ಕರ್ತವ್ಯಚ್ಯುತಿ. ನಮ್ಮ ದೇಶದಲ್ಲಿ ಈ ಸೂಚನೆಗಳು ಹೊರಡುವುದು ಕಡಲ ದಂಡೆಯಿಂದಲ್ಲ, ಹಿಮಾಲಯದ ಬುಡದಲ್ಲಿರುವ ದೇಹರಾದೂನಿನಿಂದ. ಕಲಕತ್ತೆಯಲ್ಲಿ ೧೮೭೪ರಲ್ಲಿ ಹುಟ್ಟಿದ ಆ ಕಚೇರಿಯು ೧೯೫೪ರಲ್ಲಿ ಅಲ್ಲಿಗೆ ಹೋಯಿತು. ಹವಾಮಾನ ಇಲಾಖೆಯ ಮುಖ್ಯ ಕಚೇರಿಯೂ ಕಲಕತ್ತೆಯ ತರುವಾಯ ಸಿಮ್ಲಾ, ಪುಣೆ, ದಿಲ್ಲಿಗಳಲ್ಲಿ ನೆಲೆಸಿತು. ಕಡಲನ್ನು ಕಾಯುವವರು ಕಡಲಿನ ದಂಡೆಯಲ್ಲಿಯೇ ಇರಬೇಕೆಂಬ ನಿಯಮವಿಲ್ಲವೆಂಬುದು ಒಳನಾಡಿನವರಾದ ನಮಗೆ ಉತ್ಸಾಹವನ್ನು ಕೊಡತಕ್ಕ ಮಾತು.

ಮೂರು ಕೊಂಡಿಗಳೂ ಸರಿಯಾಗಿ ಕೂಡಿದರೆ ಏನಾಗುತ್ತದೆ? ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾದ ಮೇಲೆ ಬಂದ ಮಹಾಚಂಡಮಾರುತದಲ್ಲಿ ಸುಮಾರು ೧೦ ಸಾವಿರ ಜನರು ಸತ್ತರು. ೨೦೧೩ರ ಅಕ್ಟೋಬರ್ ೧೨ರಂದು ಅದೇ ಒಡಿಶಾಕ್ಕೆ ‘ಫೈಲಿನ್’ ಎಂಬ ಉಗ್ರ ಚಂಡಮಾರುತವು ಬಂದಿತು. ಈ ಸಲ ಉಪಗ್ರಹಗಳು ಕಂಡವು. ಇಲಾಖೆಯು ದಿನಗಳ ಮುಂಚೆ ಸಾರಿತು. ಸುಮಾರು ೧೦ ಲಕ್ಷ ಜನರು ಮನೆಮಠ ಬಿಟ್ಟು ಸುರಕ್ಷಿತ ಸ್ಥಳಗಳಿಗೆ ನಡೆದರು. ಸತ್ತವರ ಸಂಖ್ಯೆ ಸಾವಿರಗಳಿಂದ ಹತ್ತುಗಳಿಗೆ ಇಳಿಯಿತು. ಗಾಳಿಯನ್ನು ಯಾರೂ ತಡೆಯಲಿಲ್ಲ, ಸಾವನ್ನು ತಡೆದರು. ಇದಕ್ಕೆ ಪ್ರತಿಯಾಗಿ, ೨೦೨೧ರ ಮೇ ೧೭ರಂದು ‘ತೌಕ್ತೇ’ ಚಂಡಮಾರುತದಲ್ಲಿ ಮುಂಬಯಿಯ ಸಮೀಪದ ಕಡಲಿನಲ್ಲಿ ೨೬೧ ಜನರಿದ್ದ ದೊಡ್ಡ ಬಾರ್ಜೊಂದು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನರು ಸತ್ತರು. ಎಚ್ಚರಿಕೆಯು ದಿನಗಳ ಮೊದಲೇ ಪ್ರಕಟವಾಗಿತ್ತು. ಅದೇ ಬಿರುಗಾಳಿಯಲ್ಲಿ ಮಂಗಳೂರಿನ ಉತ್ತರಕ್ಕೆ ಬಂಡೆಗಳ ನಡುವೆ ಸಿಕ್ಕಿಬಿದ್ದ ಒಂದು ಸಣ್ಣ ಹಡಗಿನ ೯ ಜನರನ್ನು ನೌಕಾಪಡೆಯವರೂ ಕರಾವಳಿ ರಕ್ಷಣಾಪಡೆಯವರೂ ಸಾಹಸದಿಂದ ಉಳಿಸಿದರು.

ಈಗ ನಮ್ಮ ಸೀಮೆಯ ಮಾತು. ೧೯೦೮ರ ಸೆಪ್ಟೆಂಬರ ೨೮ರಂದು, ಆಗ ನಮ್ಮ ಸೀಮೆಗೆಲ್ಲ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸುಮಾರು ೧೫ ಸಾವಿರ ಜನರು ಸತ್ತರೆಂದು ಅಂದಾಜು. ಆ ಮಳೆಯನ್ನು ತಂದದ್ದು ಬಂಗಾಲ ಉಪಸಾಗರದಿಂದ ಬಂದ ಬಿರುಗಾಳಿ. ಕಡಲಿಗೆ ದೂರವೆಂಬ ಧೈರ್ಯ ಆ ನಗರವನ್ನು ಕಾಯಲಿಲ್ಲ. ಅನಂತರ ನಮ್ಮ ಕನ್ನಡಿಗರಾದ ವಿಶ್ವೇಶ್ವರಯ್ಯನವರು ಅಲ್ಲಿಗೆ ಹೋಗಿ, ಪ್ರವಾಹವನ್ನು ತಡೆಯುವ ಯೋಜನೆಯನ್ನು ಹಾಕಿಕೊಟ್ಟರು. ಉಸ್ಮಾನಸಾಗರ, ಹಿಮಾಯತಸಾಗರಗಳು ಅದರ ಫಲ.

ಇನ್ನೊಂದು ದಿನವನ್ನು ಇಲ್ಲಿರುವ ಹಿರಿಯರು ಮರೆಯಲಾರರು. ೧೯೯೩ರ ಸೆಪ್ಟೆಂಬರ ೩೦ರ ನಸುಕಿನಲ್ಲಿ, ೩ ಗಂಟೆ ೫೬ ನಿಮಿಷಕ್ಕೆ, ಗಣಪತಿಯನ್ನು ಕಳುಹಿಸಿ ಮಲಗಿದ್ದ ಕಿಲ್ಲಾರಿ, ಸಾಸ್ತೂರ ಮೊದಲಾದ ಗ್ರಾಮಗಳ ಮೇಲೆ ಭೂಮಿಯೇ ಮುನಿಯಿತು. ಸುಮಾರು ೧೦ ಸಾವಿರ ಜನರು ತಮ್ಮ ಮನೆಗಳ ಕಲ್ಲುಗೋಡೆಗಳ ಕೆಳಗೇ ಸತ್ತರು. ಆ ದುಃಖವನ್ನು ಇಲ್ಲಿ ಕೆದಕುವ ಇಚ್ಛೆ ನಮಗಿಲ್ಲ. ಒಂದು ಮಾತನ್ನಷ್ಟೇ ಹೇಳಬೇಕಾಗಿದೆ. ಭೂಕಂಪವು ಇಂತಹ ದಿನ ಬರುವುದೆಂದು ಮೊದಲೇ ಹೇಳುವ ವಿದ್ಯೆ ಇಂದಿಗೂ ಮನುಷ್ಯನ ಕೈಗೆ ಬಂದಿಲ್ಲ. ಅದಕ್ಕೆ ಗಟ್ಟಿಯಾದ ಮನೆಯೊಂದೇ ಉತ್ತರ. ಸೂಚನೆಯಿಲ್ಲದೆ ಬರುವ ಆಪತ್ತಿನ ರುಚಿ ಕಂಡ ನಾವು, ಸೂಚನೆ ಕೊಟ್ಟು ಬರುವ ಆಪತ್ತಿನಲ್ಲಿ ಒಂದು ಜೀವವನ್ನಾದರೂ ಕಳೆದುಕೊಂಡರೆ ಅದಕ್ಕೆ ಕ್ಷಮೆಯಿಲ್ಲ.

ಅಂತಹ ಆಪತ್ತು ವರ್ಷವರ್ಷವೂ ನಮ್ಮ ಹೊಲಗಳಿಗೆ ಬರುತ್ತದೆ. ಅದು ಸಿಡಿಲು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿರಿ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು ಸಾಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮಗೆ ಹತ್ತಿರದಲ್ಲಿದೆ. ತಡಮಾಡದೆ ಗಟ್ಟಿಯಾದ ಮನೆಯನ್ನು ಸೇರಿರಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿರಿ. ಒಂಟಿಮರದ ಕೆಳಗೆ ಎಂದಿಗೂ ನಿಲ್ಲಬೇಡಿರಿ. ಕೆರೆ ಬಾವಿಗಳ ನೀರಿನಿಂದ ದೂರ ಸರಿಯಿರಿ. ಇದೇ ನಿಮ್ಮ ಬಂದರಿನ ಸಂಕೇತ. ಇದಕ್ಕೆ ಕಂಬವೂ ಬೇಡ, ದೀಪವೂ ಬೇಡ. ಪುಣೆಯ ಹವಾಮಾನ ಸಂಶೋಧನ ಸಂಸ್ಥೆಯವರು ಸಿಡಿಲಿನ ಮುನ್ಸೂಚನೆಗಾಗಿ ‘ದಾಮಿನಿ’ ಎಂಬ ಮೊಬೈಲಿನ ಸಾಧನವನ್ನೂ ರಚಿಸಿದ್ದಾರೆ.

ಕೊನೆಯದಾಗಿ ಒಂದು ಮಾತು. ಬಂದರಿನ ಶಂಕುವಿಗೆ ಭಾಷೆಯಿಲ್ಲ. ಅರಬನೂ, ಗುಜರಾತಿಯೂ, ಕನ್ನಡಿಗನೂ ಅದನ್ನು ಒಂದೇ ಸಮನಾಗಿ ಓದುತ್ತಾರೆ. ಆದರೆ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಹೇಳಲು ಭಾಷೆಯೇ ಬೇಕು, ಅದೂ ಕೇಳುವವನ ಮನೆಯ ಭಾಷೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ನಿಲಂಗಾ, ಉದಗೀರಗಳು ಈಚೆಗೆ ಬಂದವು. ಇಂದು ಈ ಸೀಮೆಯಲ್ಲಿ ಸರಕಾರದ ಸೂಚನೆಗಳು ಮರಾಠಿಯಲ್ಲಿ ಬರುವುದು ಸಹಜ. ಮರಾಠಿ ನಮ್ಮ ನೆರೆಮನೆಯ ಭಾಷೆ, ನಮ್ಮ ಗೌರವಕ್ಕೆ ಪಾತ್ರವಾದ ಭಾಷೆ. ಆದರೆ ಕನ್ನಡವೊಂದನ್ನೇ ಬಲ್ಲ ಅಜ್ಜ ಅಜ್ಜಿಯರು ನಮ್ಮ ಅನೇಕ ಮನೆಗಳಲ್ಲಿ ಇದ್ದಾರೆ. ಮೊಬೈಲಿಗೆ ಬಂದ ಎಚ್ಚರಿಕೆಯು ಅವರ ಕಿವಿಗೆ ಮುಟ್ಟಬೇಕಾದರೆ ನಡುವೆ ಒಬ್ಬರು ನಿಲ್ಲಬೇಕು. ಎರಡೂ ಭಾಷೆಗಳನ್ನು ಓದಬಲ್ಲ, ಎರಡೂ ಭಾಷೆಗಳಲ್ಲಿ ಹೇಳಬಲ್ಲ ಈ ಶಾಲೆಯ ಮಕ್ಕಳೇ ಆ ಒಬ್ಬರು. ವಿದ್ಯಾರ್ಥಿಗಳೇ, ನಿಮ್ಮ ಮನೆಗೂ ನಿಮ್ಮ ಓಣಿಗೂ ನೀವೇ ಬಂದರಿನ ಕಂಬ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಗುವು ಬಂದು ಎಚ್ಚರಿಕೆಯನ್ನು ಹೇಳಿದಾಗ, ಸಣ್ಣವರ ಮಾತೆಂದು ತಳ್ಳಿಹಾಕಬೇಡಿರಿ. ಸಂಸ್ಥೆಯವರಲ್ಲಿ ಒಂದು ಸಲಹೆ: ಶಾಲೆಯ ಮಾಳಿಗೆಯ ಮೇಲೆ ಒಂದು ಮಳೆಮಾಪಕ, ಒಂದು ಗಾಳಿಪಟ್ಟಿ, ಒಂದು ವಾಯುಭಾರಮಾಪಕ ಇವನ್ನು ಇಡೋಣ. ಮಕ್ಕಳು ಸರದಿಯ ಮೇಲೆ ದಿನವೂ ಗುರುತಿಸಿ, ಶಾಲೆಯ ಬಾಗಿಲ ಹಲಗೆಯ ಮೇಲೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಲಿ. ಕಾಣುವುದು, ಸಾರುವುದು, ಕೇಳಿ ನಡೆಯುವುದು ಎಂಬ ಮೂರು ಪಾಠಗಳೂ ಅದರಿಂದ ಒಟ್ಟಿಗೆ ಸಿಕ್ಕುತ್ತವೆ, ಖರ್ಚೂ ಬಹಳವಿಲ್ಲ.